ಬಿಸಿಲು ಎಲ್ಲರಿಗೂ, ಪ್ಯಾನೆಲ್ ಯಾರಿಗೆ?

ಬಿಸಿಲು ಎಂದರೇನು ಎಂದು ರಾಯಚೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಿವರಾತ್ರಿ ಕಳೆಯುವಷ್ಟರಲ್ಲಿ ಝಳ ಶುರುವಾಗುತ್ತದೆ, ಏಪ್ರಿಲ್–ಮೇ ಹೊತ್ತಿಗೆ ಉಷ್ಣಾಂಶ 40 ಡಿಗ್ರಿ ದಾಟಿ ಮಧ್ಯಾಹ್ನದ ರಸ್ತೆಗಳು ಖಾಲಿಯಾಗುತ್ತವೆ. ಹೀಗಾಗಿ ಸೋಲಾರ್ ಕಂಪನಿಯ ಏಜೆಂಟ್ ಮನೆ ಬಾಗಿಲಿಗೆ ಬಂದು, ‘ಇಷ್ಟೊಂದು ಬಿಸಿಲು ಸುಮ್ಮನೆ ಹಾಳಾಗುತ್ತಿದೆಯಲ್ಲ’ ಎಂದರೆ ಎದುರು ಮಾತು ಹೊಳೆಯುವುದಿಲ್ಲ. ಮಾತು ಸುಳ್ಳೂ ಅಲ್ಲ. ಒಂದು ಕಿಲೋವ್ಯಾಟಿನ ಪ್ಯಾನೆಲ್ ಈ ಭಾಗದಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ವರ್ಷಕ್ಕೆ 1,400 ಯೂನಿಟ್ ಎಂದಿಟ್ಟುಕೊಂಡರೆ ಮೋಸವಿಲ್ಲ. ಆದರೆ ಈ ಬಿಸಿಲು ರಾಯಚೂರಿನ ಬಂಗಲೆಯ ಮೇಲೂ ಬೀಳುತ್ತದೆ, ಮಾನ್ವಿಯ ಕ್ಯಾಂಪಿನ ಮನೆಯ ಮೇಲೂ ಬೀಳುತ್ತದೆ, ದೇವದುರ್ಗದ ತಾಂಡಾದ ತಗಡಿನ ಮೇಲೂ ಬೀಳುತ್ತದೆ. ಎಲ್ಲರಿಗೂ ಸಮನಾಗಿ ಸಿಗುವ ವಸ್ತುವನ್ನು ನೋಡಿ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಹೇಳಲಾಗದು. ಮನೆಯಿಂದ ಮನೆಗೆ ಬದಲಾಗುವುದು ಕರೆಂಟ್ ಬಿಲ್ಲು. ಆ ಬಿಲ್ಲನ್ನು ಯಾರು ಕಟ್ಟುತ್ತಾರೋ ಪ್ಯಾನೆಲ್ಲಿನ ಲಾಭ ಅವರದು. ಹಾಗಾಗಿ ಪ್ಯಾನೆಲ್ಲಿಗೆ ಹಣ ಹಾಕಬೇಕಾದವರೂ ಅವರೇ. ಈ ಸರಳ ಸಂಗತಿಯನ್ನು ಬಿಟ್ಟು ನಡೆಯುವ ಸೋಲಾರ್ ಚರ್ಚೆಯೆಲ್ಲ ನಮ್ಮ ಜಿಲ್ಲೆಯಲ್ಲಿ ದಾರಿ ತಪ್ಪುತ್ತದೆ.

ದಾರಿ ತಪ್ಪಲು ಕಾರಣ, ಎರಡು ಸರ್ಕಾರಗಳ ಎರಡು ಯೋಜನೆಗಳು ಒಂದೇ ಮೀಟರಿನ ಮುಂದೆ ಎದುರುಬದುರಾಗಿ ನಿಂತಿರುವುದು. ರಾಜ್ಯ ಸರ್ಕಾರದ ಗೃಹಜ್ಯೋತಿ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂತು. ಅದಕ್ಕೆ ಅಧಿಕೃತ ಚಾಲನೆ ಸಿಕ್ಕಿದ್ದು ಆಗಸ್ಟಿನಲ್ಲಿ, ನಮ್ಮದೇ ಭಾಗದ ಕಲಬುರಗಿಯಲ್ಲಿ. 2022–23ರಲ್ಲಿ ಮನೆಯೊಂದು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಬಳಸಿತ್ತೋ ಅದಕ್ಕೆ ಶೇ 10 ಸೇರಿಸಿ ಅಷ್ಟನ್ನು ಉಚಿತ ಮಾಡಲಾಯಿತು. ಅದಕ್ಕಿಂತ ಹೆಚ್ಚು ಬಳಸಿ 200ರೊಳಗೆ ಉಳಿದರೆ ಹೆಚ್ಚುವರಿಗಷ್ಟೇ ಹಣ, 200 ದಾಟಿದರೆ ಆ ತಿಂಗಳ ಬಿಲ್ಲು ಪೂರ್ತಿ. ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಲ್ಲಿ ಬಂತು. ಒಂದು ಕೋಟಿ ಮನೆಗಳ ಗುರಿ, ₹75,021 ಕೋಟಿ ವೆಚ್ಚ. ಮೊದಲ ಎರಡು ಕಿಲೋವ್ಯಾಟಿಗೆ ತಲಾ ₹30,000, ಮೂರನೆಯದಕ್ಕೆ ₹18,000, ಒಟ್ಟು ₹78,000ಕ್ಕೆ ಮಿತಿ. ಒಂದು ಯೋಜನೆ ಬಿಲ್ಲನ್ನೇ ಇಲ್ಲವಾಗಿಸಿತು. ಇನ್ನೊಂದು, ಇಲ್ಲದ ಬಿಲ್ಲನ್ನು ಉಳಿಸಿಕೊಡುತ್ತೇನೆ ಎನ್ನುತ್ತಿದೆ.

ಮೊದಲು ಲೆಕ್ಕ ಸಲೀಸಾಗಿ ಕೂಡಿಬರುವ ಮನೆಯನ್ನೇ ನೋಡೋಣ. ರಾಯಚೂರು ನಗರದಲ್ಲಿ ಸ್ವಂತ ಆರ್‌ಸಿಸಿ ಮನೆ, ಎರಡು ಎಸಿ, ಫ್ರಿಜ್, ಬೋರ್‌ವೆಲ್ ಮೋಟಾರು, ತಿಂಗಳಿಗೆ ಸರಾಸರಿ 320 ಯೂನಿಟ್ ಬಳಕೆ ಎಂದುಕೊಳ್ಳಿ. ಈ ಮನೆಯನ್ನು ಗೃಹಜ್ಯೋತಿ ಎಂದೋ ಕೈಬಿಟ್ಟಿದೆ. 2025–26ರ ದರಪಟ್ಟಿಯಲ್ಲಿ ಯೂನಿಟ್ಟಿಗೆ ₹5.80, ಪಿಂಚಣಿ ಬಾಬ್ತಿನ ಸರ್ಚಾರ್ಜು ಮತ್ತು ಶೇ 9ರ ತೆರಿಗೆ ಕೂಡಿದರೆ ₹6.50 ದಾಟುತ್ತದೆ. ಮೂರು ಕಿಲೋವ್ಯಾಟಿನ ಘಟಕಕ್ಕೆ ಈಗ ಎಲ್ಲ ಸೇರಿ ಎರಡು ಲಕ್ಷದ ಆಸುಪಾಸು ಹೇಳುತ್ತಾರೆ. ಸೋಲಾರ್ ಸಾಮಗ್ರಿಯ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರಿನಲ್ಲಿ ಶೇ 12ರಿಂದ 5ಕ್ಕೆ ಇಳಿಸಿದ ಮೇಲೆ ಚೌಕಾಸಿಗೆ ಇನ್ನಷ್ಟು ಜಾಗವಿದೆ. ಸಬ್ಸಿಡಿ ಕಳೆದು ಕೈಯಿಂದ ಹೋಗುವುದು ₹1.2 ಲಕ್ಷ. ಘಟಕ ಕೊಡುವ ಯೂನಿಟ್ಟುಗಳು ಈ ಮನೆಯ ಬಳಕೆಗೆ ಹೆಚ್ಚುಕಡಿಮೆ ಸರಿಹೊಂದುತ್ತವೆ, ಅಂದರೆ ವರ್ಷಕ್ಕೆ ₹25,000ದಷ್ಟು ಉಳಿತಾಯ. ಐದು ವರ್ಷದಲ್ಲಿ ಅಸಲು ಬಂತು. ಪ್ಯಾನೆಲ್ಲಿನ ಉತ್ಪಾದನೆಗೆ ಕಂಪನಿಗಳು 25 ವರ್ಷದ ವಾರಂಟಿ ಕೊಡುತ್ತವೆ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸುವ ಖರ್ಚು ಹಿಡಿದರೂ ಇದು ಬ್ಯಾಂಕಿನ ಠೇವಣಿಗಿಂತ ಎಷ್ಟೋ ಮೇಲು. ಸಾಲ ಮಾಡಿದರೂ ಅಡ್ಡಿಯಿಲ್ಲ: ಈ ಯೋಜನೆಯಡಿ ಶೇ 6–7ರ ಬಡ್ಡಿಗೆ ಸಿಗುವ ಸಾಲವನ್ನು ಹತ್ತು ವರ್ಷಕ್ಕೆ ಹಂಚಿದರೆ ತಿಂಗಳ ಕಂತು ₹1,400ರ ಒಳಗೆ ಬರುತ್ತದೆ, ತಿಂಗಳ ಉಳಿತಾಯ ₹2,000 ಮೀರುತ್ತದೆ. ಇಂಥ ಮನೆಯವರು ಇನ್ನೂ ಯೋಚಿಸುತ್ತ ಕುಳಿತಿದ್ದರೆ ಕಳೆದುಕೊಳ್ಳುತ್ತಿರುವುದು ತಮ್ಮ ಹಣವನ್ನೇ.

ಹೀಗೆಂದ ಮಾತ್ರಕ್ಕೆ ಬಿಲ್ಲು ಸೊನ್ನೆಯಾಗುವುದಿಲ್ಲ. ಮಂಜೂರಾದ ಲೋಡಿನ ಮೇಲೆ ಕಟ್ಟುವ ನಿಗದಿತ ಶುಲ್ಕ ಸೂರ್ಯನಿಗೂ ಬಗ್ಗುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಯೂನಿಟ್ ದರವನ್ನು ಚೂರು ಇಳಿಸಿ ನಿಗದಿತ ಶುಲ್ಕವನ್ನು ಏರಿಸುತ್ತ ಬಂದಿದೆ. ಸೋಲಾರ್ ಹಾಕಿಸಿದವರಿಗೆ ಇದು ಅಷ್ಟು ಹಿತವಾದ ಬದಲಾವಣೆಯಲ್ಲ. ಇನ್ನೊಂದು ತಪ್ಪು ಲೆಕ್ಕ, ಮಾಳಿಗೆ ದೊಡ್ಡದಿದೆ ಎಂದು ಬಳಕೆಗಿಂತ ದೊಡ್ಡ ಘಟಕ ಹಾಕಿಸಿ ಉಳಿದದ್ದನ್ನು ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂಗೆ ಮಾರುತ್ತೇವೆ ಎಂಬುದು. ಗ್ರಿಡ್ಡಿಗೆ ಕೊಟ್ಟದ್ದನ್ನು ಬಳಸಿದ್ದರಲ್ಲಿ ಕಳೆದು ಲೆಕ್ಕ ಹಾಕುವ ನೆಟ್ ಮೀಟರಿನಲ್ಲಿ ನಮ್ಮ ಬಳಕೆಗೆ ಸರಿಹೋಗುವ ಪ್ರತಿ ಯೂನಿಟ್ಟಿಗೂ ಪೂರ್ತಿ ದರದ ಬೆಲೆ ಉಂಟು. ಅದಕ್ಕೂ ಮೀರಿ ಉಳಿದದ್ದಕ್ಕೆ, ಅದರಲ್ಲೂ ಸಬ್ಸಿಡಿ ಪಡೆದ ಮನೆಗೆ, ಸಿಗುವ ದರ ಅದರ ಅರ್ಧವೂ ಇರುವುದಿಲ್ಲ. ಜೊತೆಗೆ ಲೆಕ್ಕ ಆಯಾ ಬಿಲ್ಲಿನ ಅವಧಿಗೇ ಚುಕ್ತಾ ಆಗುತ್ತದೆ. ಜನವರಿಯ ಹೆಚ್ಚುವರಿಯನ್ನು ಮೇ ತಿಂಗಳ ಎಸಿಗೆ ಎತ್ತಿಡಲಾಗದು. ಹೊಟ್ಟೆಗೆ ಎಷ್ಟು ಬೇಕೋ ಅಷ್ಟೇ ಬೇಯಿಸುವ ಹಾಗೆ, ಬಿಲ್ಲು ನೋಡಿ ಕಿಲೋವ್ಯಾಟ್ ಗೊತ್ತುಮಾಡಬೇಕು.

ಈಗ ಜಿಲ್ಲೆಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಬಗೆಯ ಮನೆಗೆ ಬರೋಣ. ನಾಲ್ಕು ಬಲ್ಬು, ಎರಡು ಫ್ಯಾನು, ಟಿವಿ, ಮಿಕ್ಸಿ. ತಿಂಗಳಿಗೆ 60 ಅಥವಾ 90 ಯೂನಿಟ್. ಮೀಟರ್ ರೀಡರ್ ಕೊಟ್ಟುಹೋಗುವ ಚೀಟಿಯಲ್ಲಿ ಪಾವತಿಸಬೇಕಾದ ಮೊತ್ತ ಸೊನ್ನೆ. ಇಂಥ ಮನೆಯ ಮೇಲೆ ಒಂದು ಕಿಲೋವ್ಯಾಟ್ ಹಾಕಿದರೆ ಸಬ್ಸಿಡಿ ಕಳೆದು ₹40,000 ಹೋಗುತ್ತದೆ, ಬಿಲ್ಲಿನಲ್ಲಿ ಉಳಿಯುವುದು ಏನೂ ಇಲ್ಲ. ಸರಿಯಾಗಿ ಹೇಳಬೇಕೆಂದರೆ ಉಳಿತಾಯ ಆಗುತ್ತದೆ, ಆದರೆ ಮನೆಯವರಿಗಲ್ಲ. ಆ ಮನೆಯ ಬಿಲ್ಲನ್ನು ಜೆಸ್ಕಾಂಗೆ ಕಟ್ಟಿಕೊಡುತ್ತಿರುವುದು ರಾಜ್ಯ ಸರ್ಕಾರ. ಮಾಳಿಗೆಯ ಮೇಲೆ ಹುಟ್ಟಿದ ಒಂದೊಂದು ಯೂನಿಟ್ಟೂ ಸರ್ಕಾರದ ಹೊರೆಯನ್ನು ಇಳಿಸುತ್ತದೆ. ಕೂಲಿ ಮಾಡಿ ಕೂಡಿಟ್ಟ ನಲವತ್ತು ಸಾವಿರವನ್ನು ಖಜಾನೆಯ ಉಳಿತಾಯಕ್ಕಾಗಿ ಮಾಳಿಗೆಗೆ ಏರಿಸಿ ಎಂದು ಬಡವರಿಗೆ ಹೇಳುವುದು ಯಾವ ನ್ಯಾಯ? ‘ಜೀವನಪೂರ್ತಿ ಕರೆಂಟ್ ಫ್ರೀ’ ಎನ್ನುವ ಕರಪತ್ರ ಈಗಾಗಲೇ ಫ್ರೀ ಇರುವ ಮನೆಗೆ ಬಂದರೆ ಅದನ್ನು ಒಲೆಗೆ ಹಾಕಬಹುದು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ: ಗೃಹಜ್ಯೋತಿ ಎಷ್ಟು ದಿನ? ಸರ್ಕಾರ ಬದಲಾದರೆ, ದುಡ್ಡು ಸಾಲದಾದರೆ ನಿಂತುಹೋಗಬಹುದಲ್ಲ, ಆಗ ಸೂರ್ಯಘರ್ ಸಬ್ಸಿಡಿಯೂ ಇರದಿದ್ದರೆ? ಭಯ ಸುಳ್ಳಲ್ಲ. ಆದರೂ ಹಣ ಕೈಯಲ್ಲಿ ಕಡಿಮೆ ಇರುವವರು ಎಂದೋ ಬರಬಹುದಾದ ಬಿಲ್ಲಿಗೆ ಇಂದೇ ಅಸಲು ಕಟ್ಟುವುದು ದುಬಾರಿ ವಿಮೆ. ತಿಂಗಳಿಗೆ 80 ಯೂನಿಟ್ ಬಳಸುವ ಮನೆಗೆ ನಾಳೆ ಬಿಲ್ಲು ಬಂದರೂ ಅದು ₹600–700ರ ಮಾತು. ಪ್ಯಾನೆಲ್ ಇದ್ದರೂ ಅದರಲ್ಲಿ ನಿಗದಿತ ಶುಲ್ಕ ತಪ್ಪದು. ಇನ್ನು ಪ್ಯಾನೆಲ್ಲಿನ ಬೆಲೆ ಹದಿನೈದು ವರ್ಷಗಳಿಂದ ಇಳಿಯುತ್ತಲೇ ಬಂದಿದೆ. ಕಾಯುವವರು ಸಬ್ಸಿಡಿ ಕಳೆದುಕೊಂಡರೂ ಬೆಲೆಯಲ್ಲಿ ಅದರ ಒಂದು ಪಾಲು ಮರಳಿ ಸಿಗುವ ಸಾಧ್ಯತೆಯಿದೆ. ಹೊಸ ಮನೆ ಕಟ್ಟುತ್ತಿರುವವರು ಮಾತ್ರ ಇಂದೇ ಒಂದು ಕೆಲಸ ಮಾಡಬಹುದು: ಮಾಳಿಗೆಯ ದಕ್ಷಿಣ ಭಾಗದಲ್ಲಿ ನೀರಿನ ಟ್ಯಾಂಕು, ಮೆಟ್ಟಿಲಿನ ಗೂಡು ಬರದಂತೆ ನೋಡಿಕೊಂಡು, ಮೇಲಿಂದ ಮೀಟರ್ ಬೋರ್ಡಿನವರೆಗೆ ಖಾಲಿ ಪೈಪು ಎಳೆಸಿಟ್ಟರೆ ಸಾಕು. ಖರ್ಚು ಅತ್ಯಲ್ಪ, ಮುಂದೆ ಗೋಡೆ ಒಡೆಸುವ ಕೆಲಸ ಇರುವುದಿಲ್ಲ.

ನಿಜವಾದ ತಲೆನೋವು ಈ ಎರಡರ ನಡುವಿನ ಮನೆಯದು. ವರ್ಷದ ಒಂಬತ್ತು ತಿಂಗಳು 150 ಯೂನಿಟ್ ಸುಡುವ ಮನೆ ಏಪ್ರಿಲ್‌ನಿಂದ ಜೂನ್‌ವರೆಗೆ ಕೂಲರು, ಫ್ಯಾನು, ಒಂದು ಎಸಿಯ ಕಾರಣಕ್ಕೆ 260ಕ್ಕೆ ಏರುತ್ತದೆ. 200ರ ಗೆರೆ ದಾಟಿದ್ದರಿಂದ ಆ ಮೂರು ತಿಂಗಳು ₹2,000 ಮೇಲ್ಪಟ್ಟ ಪೂರ್ತಿ ಬಿಲ್ಲು. ಶಿಕ್ಷಕರು, ಸಣ್ಣ ವ್ಯಾಪಾರಿಗಳು, ಗುಮಾಸ್ತರು ಹೆಚ್ಚಾಗಿ ಈ ಸಾಲಿನವರು. ಏಜೆಂಟರ ಮಾತಿಗೆ ಮೊದಲು ಕಿವಿಗೊಡುವವರೂ ಇವರೇ. ಬೇಸಿಗೆಯ ಬಿಲ್ಲು ಕೈಯಲ್ಲಿರುವಾಗ ಮೂರು ಕಿಲೋವ್ಯಾಟಿಗೆ ಸಹಿ ಹಾಕುತ್ತಾರೆ. ವರ್ಷಕ್ಕೆ ಉಳಿಯುವುದು ₹6,000–7,000, ಹಾಕಿದ್ದು ₹1.2 ಲಕ್ಷ, ಹದಿನೇಳರಿಂದ ಇಪ್ಪತ್ತು ವರ್ಷ ಕಾಯಬೇಕು. ಇವರು ಮಾಳಿಗೆ ಹತ್ತುವ ಮೊದಲು ತಲೆಯೆತ್ತಿ ಫ್ಯಾನು ನೋಡಬೇಕು. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟ್ ಎಳೆಯುತ್ತದೆ, ಈಗಿನ ಬಿಎಲ್‌ಡಿಸಿ ಫ್ಯಾನು 30 ವ್ಯಾಟ್. ರಾಯಚೂರಿನ ಬೇಸಿಗೆಯಲ್ಲಿ ಫ್ಯಾನು ದಿನಕ್ಕೆ ಹದಿನೈದು ತಾಸು ತಿರುಗುವುದು ಮಾಮೂಲು. ನಾಲ್ಕು ಫ್ಯಾನು ಬದಲಿಸಿದರೆ ತಿಂಗಳಿಗೆ 81 ಯೂನಿಟ್ ಇಳಿಯುತ್ತದೆ. 260 ಇದ್ದದ್ದು 180ರ ಹತ್ತಿರ ಬಂದು ನಿಲ್ಲುತ್ತದೆ, ಬಿಲ್ಲು ಮತ್ತೆ ಗೃಹಜ್ಯೋತಿಯ ಒಳಗೆ. ಖರ್ಚು ಹನ್ನೆರಡು ಸಾವಿರ ರೂಪಾಯಿಯ ಒಳಗೆ, ಅಸಲು ಎರಡು ಬೇಸಿಗೆಯಲ್ಲಿ ವಸೂಲಿ. ಮಾಳಿಗೆಗೆ ಸುಣ್ಣ ಅಥವಾ ಬಿಳಿಯ ಕೂಲ್ ರೂಫ್ ಬಣ್ಣ ಬಳಿಸಿದರೆ ಕೋಣೆಯ ಧಗೆಯೂ ಇಳಿದು ಎಸಿಯ ಕೆಲಸ ಇನ್ನಷ್ಟು ಹಗುರಾಗುತ್ತದೆ. ಇಷ್ಟಾದ ಮೇಲೂ 200 ದಾಟುತ್ತಿದ್ದರೆ ಒಂದು ಕಿಲೋವ್ಯಾಟ್ ಸಾಕಾಗಬಹುದು. ಆಗಲೂ ಅರ್ಜಿ ಹಾಕುವ ಮೊದಲು, ನೆಟ್ ಮೀಟರ್ ಬಂದ ಮೇಲೆ ನಿಮ್ಮ ಆರ್.ಆರ್. ನಂಬರಿನ ಮೇಲೆ ಗೃಹಜ್ಯೋತಿ ಹೇಗೆ ಲೆಕ್ಕವಾಗುತ್ತದೆ ಎಂದು ಜೆಸ್ಕಾಂ ಉಪವಿಭಾಗದ ಕಚೇರಿಯಲ್ಲಿ ಬರಹದಲ್ಲಿ ಕೇಳಿ ಪಡೆಯಿರಿ. ಏಜೆಂಟರ ಬಾಯಿಮಾತು ಇಲ್ಲಿ ಸಾಲದು.

ಬಿಲ್ಲಿನ ಮಾತು ಬಿಡಿ, ಕರೆಂಟು ಹೋದಾಗ ಬೆಳಕಾದರೂ ಸಿಗುತ್ತದಲ್ಲ ಎನ್ನುವವರಿದ್ದಾರೆ. ಗಾಳಿ–ಮಳೆಗೆ ಲೈನು ಹರಿದು ತಾಸುಗಟ್ಟಲೆ ಕತ್ತಲಾಗುವ ಹಳ್ಳಿಗಳಲ್ಲಿ ಇದು ಬಿಲ್ಲಿಗಿಂತ ದೊಡ್ಡ ಆಸೆ. ಆದರೆ ಸಬ್ಸಿಡಿಯಲ್ಲಿ ಸಾಮಾನ್ಯವಾಗಿ ಹಾಕುವುದು ಬ್ಯಾಟರಿ ಇಲ್ಲದ, ಗ್ರಿಡ್ಡಿಗೆ ಹೊಂದಿಕೊಂಡು ನಡೆಯುವ ಘಟಕ. ಲೈನಿನಲ್ಲಿ ಕರೆಂಟು ಹೋದ ಕ್ಷಣ ಅದೂ ನಿಲ್ಲುತ್ತದೆ, ಮೇಲೆ ಸುಡುಬಿಸಿಲಿದ್ದರೂ ಕೆಳಗೆ ಫ್ಯಾನು ತಿರುಗುವುದಿಲ್ಲ. ಇದು ಯಂತ್ರದ ದೋಷವಲ್ಲ. ಕಂಬದ ಮೇಲೆ ದುರಸ್ತಿಗೆ ಹತ್ತಿದ ಲೈನ್‌ಮನ್ ನಮ್ಮ ಮನೆಯಿಂದ ಹರಿದ ಕರೆಂಟಿಗೆ ಬಲಿಯಾಗಬಾರದೆಂದೇ ಹಾಗೆ ಮಾಡಿರುವುದು. ಬ್ಯಾಟರಿ, ಹೈಬ್ರಿಡ್ ಇನ್ವರ್ಟರ್ ಸೇರಿಸಿದರೆ ಬೆಳಕು ಉಳಿಯುತ್ತದೆ, ಆದರೆ ಖರ್ಚು ಮೇಲಕ್ಕೆ ಹಾರುತ್ತದೆ, ಬ್ಯಾಟರಿಯ ಭಾಗಕ್ಕೆ ಸಬ್ಸಿಡಿ ಇಲ್ಲ. ಮನೆಯಲ್ಲಿ ಈಗಾಗಲೇ ಇನ್ವರ್ಟರ್ ಬ್ಯಾಟರಿ ಇದ್ದರೆ ಅದು ತನ್ನ ಪಾಡಿಗೆ ಇರಲಿ. ಗ್ರಿಡ್ ಸೋಲಾರ್ ಅದರ ಕೆಲಸ ಮಾಡದು.

ದೇವದುರ್ಗದ ಸಂಗತಿಯನ್ನು ಇದಕ್ಕಾಗಿಯೇ ಬೇರೆಯಾಗಿ ನೋಡಬೇಕು. ತಾಲ್ಲೂಕಿನ ಎಷ್ಟೋ ಮನೆಗಳು ಮಣ್ಣಿನ ಮಾಳಿಗೆಯವು, ಇಲ್ಲವೇ ಪರಸಿ, ತಗಡು ಹೊದಿಸಿದವು. ಮೂರು ಕಿಲೋವ್ಯಾಟಿಗೆ ಸುಮಾರು 300 ಚದರಡಿ ಜಾಗ ಬೇಕು, ಅದರ ಕಬ್ಬಿಣದ ಚೌಕಟ್ಟು ಮುಂಗಾರುಪೂರ್ವದ ಬಿರುಗಾಳಿಗೆ ಅಲುಗದಂತೆ ನಿಲ್ಲಬೇಕು. ಮಣ್ಣಿನ ಮಾಳಿಗೆ ಅದನ್ನು ಹಿಡಿದು ನಿಲ್ಲಿಸದು. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಕ್ಕೆ, ವರ್ಷದ ಪ್ರಖರ ಬಿಸಿಲಿನ ತಿಂಗಳುಗಳಲ್ಲಿ ಖಾಲಿ ಮನೆಯ ಮೇಲೆ ಪ್ಯಾನೆಲ್ ಇದ್ದು ಏನು ಫಲ? ಇಲ್ಲಿಗೆ ಹೊಂದುವುದು ಬೇರೆಯೇ ದಾರಿ: ಒಂದು ಸಣ್ಣ ಪ್ಯಾನೆಲ್, ಒಂದು ಬ್ಯಾಟರಿ, ಮೂರು ನಾಲ್ಕು ಎಲ್‌ಇಡಿ ಬಲ್ಬು, ಒಂದು ಡಿಸಿ ಫ್ಯಾನು. ಹರೀಶ್ ಹಂದೆಯವರು 1995ರಲ್ಲಿ ಕಟ್ಟಿದ ಸೆಲ್ಕೋ ಸಂಸ್ಥೆ ಗ್ರಾಮೀಣ ಬ್ಯಾಂಕುಗಳ ಸಾಲದ ಜೊತೆ ಹೊಂದಿಸಿ ಇಂಥ ದೀಪಗಳನ್ನು ಕರ್ನಾಟಕದ ಹಳ್ಳಿಗಳಿಗೆ ಒಯ್ದದ್ದು ಬಿಲ್ಲು ಉಳಿಸಲು ಅಲ್ಲ, ಕತ್ತಲಲ್ಲಿ ಓದು–ಹೊಲಿಗೆ–ಅಡುಗೆ ನಿಲ್ಲದಿರಲಿ ಎಂದು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದೂ ಈ ಕೆಲಸಕ್ಕೆ.

ಮಾನ್ವಿಯ ಕಥೆ ಇದಕ್ಕೆ ವಿರುದ್ಧ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತ, ರೈಸ್ ಮಿಲ್ಲುಗಳು. ಕ್ಯಾಂಪುಗಳಲ್ಲಿ ಅಗಲವಾದ ಆರ್‌ಸಿಸಿ ಮನೆಗಳು. ಇಲ್ಲಿ 200 ದಾಟುವ ಮನೆಗಳಿಗೆ ಪ್ಯಾನೆಲ್ ಸಲೀಸು. ಆದರೆ ಮಿಲ್ಲಿನ ತೌಡು, ಹೊಟ್ಟಿನ ಬೂದಿ ಗಾಜಿನ ಮೇಲೆ ಕೂರುತ್ತದೆ. ಧೂಳು ಹಿಡಿದ ಪ್ಯಾನೆಲ್ ಹತ್ತರಲ್ಲಿ ಒಂದು ಪಾಲು ಕಳೆದುಕೊಳ್ಳುವುದು ದೊಡ್ಡ ಮಾತಲ್ಲ. ವಾರಕ್ಕೋ ಹತ್ತು ದಿನಕ್ಕೋ ಮುಂಜಾನೆ ತೊಳೆಯಬೇಕು. ಕಾದ ಗಾಜಿನ ಮೇಲೆ ಮಧ್ಯಾಹ್ನ ತಣ್ಣೀರು ಸುರಿಯಬಾರದು. ಬೋರಿನ ಗಡಸು ನೀರು ಒಣಗಿ ಬಿಳಿ ಕಲೆ ಕಟ್ಟುವುದರಿಂದ ಕಾಲುವೆಯದೋ ನಲ್ಲಿಯದೋ ಮೆದು ನೀರು ಮೇಲು, ಬಟ್ಟೆಯಿಂದ ಒರೆಸಿಬಿಡುವುದು ಇನ್ನೂ ಮೇಲು. ಪ್ಯಾನೆಲ್ಲಿಗೆ ಬೇಕಿರುವುದು ಬೆಳಕು, ಶಾಖ ಅದಕ್ಕೆ ಶತ್ರು. ಮೇ ಮಧ್ಯಾಹ್ನ ಪ್ಯಾನೆಲ್ಲಿನ ಮೈ 65 ಡಿಗ್ರಿ ಮುಟ್ಟಿದಾಗ ಅದರ ಬಲ ಶೇ 15ರ ಹತ್ತಿರ ಕುಗ್ಗುತ್ತದೆ. ರಾಯಚೂರಿನ ಬಿಸಿಲಿಗೆ ಏಜೆಂಟರು ಹೇಳುವಷ್ಟು ಹೆಚ್ಚುವರಿ ಯೂನಿಟ್ ಬರದಿರುವುದು ಇದೇ ಕಾರಣಕ್ಕೆ. ಚೌಕಟ್ಟನ್ನು ಮಾಳಿಗೆಗೆ ಅಂಟಿಸದೆ ಕೆಳಗೆ ಗಾಳಿಯಾಡುವಂತೆ ಎತ್ತರಿಸಿದರೆ ಎರಡು ಲಾಭ: ಪ್ಯಾನೆಲ್ ತಣ್ಣಗಿರುತ್ತದೆ, ಬೇಸಿಗೆಯಲ್ಲಿ ಮೆಣಸಿನಕಾಯಿ ಒಣಹಾಕಲು, ರಾತ್ರಿ ಮಲಗಲು ಮಾಳಿಗೆ ಉಳಿಯುತ್ತದೆ.

ಪರಿಸರದ ಮಾತನ್ನು ರಾಯಚೂರಿನಲ್ಲಿ ಕುಳಿತು ತಳ್ಳಿಹಾಕುವ ಹಾಗಿಲ್ಲ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಯರಮರಸಿನ ಘಟಕ 1,600 ಮೆಗಾವ್ಯಾಟ್. ರಾಜ್ಯಕ್ಕೆ ಬೆಳಕು ಕೊಟ್ಟು ಹಾರುಬೂದಿಯನ್ನು ತಾನು ಉಳಿಸಿಕೊಂಡ ಜಿಲ್ಲೆ ಇದು. ಮೂರು ಕಿಲೋವ್ಯಾಟಿನ ಒಂದು ಮಾಳಿಗೆ ವರ್ಷಕ್ಕೆ ನಾಲ್ಕು ಸಾವಿರ ಯೂನಿಟ್ ಕೊಟ್ಟರೆ ಎರಡೂವರೆ ಟನ್ನಿಗೂ ಹೆಚ್ಚು ಕಲ್ಲಿದ್ದಲು ಉರಿಯುವುದು ತಪ್ಪಬಹುದು. ಪಾವಗಡದಂಥ ದೊಡ್ಡ ಪಾರ್ಕುಗಳು, ಇಲ್ಲಿಯದೇ ಯಾಪಲದಿನ್ನಿಯ ಸಣ್ಣ ಸೌರ ಘಟಕ, ಎಲ್ಲವೂ ಹಗಲಿನ ಹೊರೆಯನ್ನು ಹಂಚಿಕೊಳ್ಳುತ್ತಿವೆ. ಸಂಜೆ ಏಳರ ಹೊತ್ತಿಗೆ ಮಾತ್ರ ಇಂದಿಗೂ ಕಲ್ಲಿದ್ದಲಿನ ಆಸರೆ ಬೇಕು. ಇಷ್ಟಾಗಿಯೂ ಈ ಪುಣ್ಯದ ಖರ್ಚನ್ನು ಹೊರಬೇಕಾದವರು ಸೊನ್ನೆ ಬಿಲ್ಲಿನ ಮನೆಯವರಲ್ಲ. ಬೂದಿ ಅವರ ಪಾಲಿಗೆ ಬಂದಿದೆ, ಎಸಿ ಬಂದಿಲ್ಲ.

ಹಾಗಾದರೆ ಆ ಮಾಳಿಗೆಗಳು ಖಾಲಿಯೇ ಇರಬೇಕೆ? ಬೇಕಾಗಿಲ್ಲ. ಬಿಲ್ಲು ಕಟ್ಟುವವರು ಪ್ಯಾನೆಲ್ ಹಾಕಬೇಕೆಂಬ ನಿಯಮವನ್ನು ಸರ್ಕಾರಕ್ಕೂ ಅನ್ವಯಿಸಿದರೆ ದಾರಿ ಕಾಣುತ್ತದೆ. ರಾಜ್ಯದ ಒಂದೂವರೆ ಕೋಟಿಗೂ ಹೆಚ್ಚು ಮನೆಗಳ ಗೃಹಜ್ಯೋತಿಗೆ ಖಜಾನೆಯಿಂದ ಪ್ರತಿವರ್ಷ ಸಾವಿರಾರು ಕೋಟಿ ಹೋಗುತ್ತಿದೆ. ಸೂರ್ಯಘರ್ ಯೋಜನೆಯಲ್ಲೇ ವಿದ್ಯುತ್ ಕಂಪನಿ ತಾನೇ ಮುಂದೆ ನಿಂತು, ಮನೆಯವರಿಂದ ಬಂಡವಾಳ ಕೇಳದೆ ಪ್ಯಾನೆಲ್ ಹಾಕಿಸುವ ಮಾದರಿಗೆ ಅವಕಾಶವಿದೆ. ಜೆಸ್ಕಾಂ ಅದನ್ನು ಕೈಗೆತ್ತಿಕೊಂಡು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಒಂದು ಪಾಲು ಜೋಡಿಸಿದರೆ, ದೇವದುರ್ಗದ ಒಂದು ಹೋಬಳಿಯಿಂದಲೇ ಶುರುಮಾಡಬಹುದು. ಮಾಳಿಗೆ ತಾಳದಿದ್ದರೆ ಶಾಲೆಯ ಮೇಲೋ ಗೋಮಾಳದ ಮೂಲೆಯಲ್ಲೋ ಊರಿಗೊಂದು ಘಟಕ ನಿಲ್ಲಲಿ. ಹಾಗೆ ಹಾಕಿದ ಒಂದೊಂದು ಕಿಲೋವ್ಯಾಟ್ ಗೃಹಜ್ಯೋತಿಯ ಬಾಕಿಯಿಂದ ವರ್ಷಕ್ಕೆ 1,400 ಯೂನಿಟ್ ಇಳಿಸುತ್ತದೆ, ಬಡವರ ಕೈಯಿಂದ ಕಾಸು ಬೀಳದೆ. ಜಿಲ್ಲೆಯ ಶಾಸಕರು, ಸಂಸದರು ಪ್ಯಾನೆಲ್ ಪ್ರಚಾರದ ವೇದಿಕೆ ಹತ್ತುವ ಬದಲು ಈ ಪ್ರಶ್ನೆಯನ್ನು ಜೆಸ್ಕಾಂಗೆ ಕೇಳಲಿ.

ಅಲ್ಲಿಯವರೆಗೆ ಮನೆಯವರಿಗೆ ಹೇಳುವುದು ಇಷ್ಟು: ಹಿಂದಿನ ಹನ್ನೆರಡು ತಿಂಗಳ ಬಿಲ್ಲು ತೆಗೆದು ಎದುರಿಗಿಟ್ಟುಕೊಳ್ಳಿ. ಎಂಟೊಂಬತ್ತು ತಿಂಗಳಾದರೂ 200 ದಾಟಿದ್ದರೆ, ಮನೆ ಸ್ವಂತದ್ದಾಗಿದ್ದರೆ, ಮಾಳಿಗೆ ಗಟ್ಟಿಯಿದ್ದರೆ ಸರ್ಕಾರಿ ಪೋರ್ಟಲಿನಲ್ಲಿ ನೋಂದಾಯಿತ ಮಾರಾಟಗಾರರಿಂದಲೇ ಹಾಕಿಸಿ. ಸಬ್ಸಿಡಿಗೆ ದೇಶದಲ್ಲೇ ತಯಾರಾದ ಪ್ಯಾನೆಲ್ ಕಡ್ಡಾಯ, ಹಣ ಬರುವುದು ನೇರ ನಿಮ್ಮ ಖಾತೆಗೆ. ಸೂರ್ಯಘರ್ ಯೋಜನೆಯ ಅವಧಿ 2026–27ರ ಆರ್ಥಿಕ ವರ್ಷದವರೆಗೆ ಮಾತ್ರ. ಮೂರು ನಾಲ್ಕು ತಿಂಗಳಷ್ಟೇ ದಾಟಿದ್ದರೆ ಫ್ಯಾನು ಬದಲಿಸಿ. ಒಮ್ಮೆಯೂ ದಾಟಿಲ್ಲವೆಂದರೆ ಏಜೆಂಟರಿಗೆ ಚಹಾ ಕೊಟ್ಟು ಕಳಿಸಿ.